ತುಕ್ಕು ತಡ, ರಬ್ಬರು ಬೇಗ: ಬಯಲುಸೀಮೆಯ ಹಳೇ ಕಾರಿನ ಲೆಕ್ಕ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಕಾರಿನ ತಗಡಿಗೆ ತುಕ್ಕು ಹಿಡಿಯುವುದು ತಡ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ ಒಳ್ಳೆಯ ವರ್ಷ ಎನ್ನುವ ನೆಲ ಇದು. ಮಂಗಳೂರು, ಉಡುಪಿಯ ಕಡೆ 3,000 ಮಿಲಿಮೀಟರ್ ದಾಟುವ ಮಳೆ, ಅದರ ಮೇಲೆ ಕಡಲಿನ ಉಪ್ಪುಗಾಳಿ. ಅಲ್ಲಿ ಬಾಗಿಲಿನ ಕೆಳಅಂಚು ಉದುರಿ ಹೋಗಿರುವ ವಯಸ್ಸಿನಲ್ಲಿ ಇಲ್ಲಿನ ಕಾರಿನ ಮೈ ಇನ್ನೂ ಗಟ್ಟಿಯಾಗಿರುತ್ತದೆ. 2014ರ ಜನವರಿಯಲ್ಲೇ ತಯಾರಿಕೆ ನಿಂತ ಮಾರುತಿ 800 ‘ಕೆಎ 16’ ಫಲಕ ಹೊತ್ತು ಈಗಲೂ ಸಂತೆಗೆ, ಜಾತ್ರೆಗೆ ಹೋಗಿ ಬರುತ್ತಿದ್ದರೆ ಅದರಲ್ಲಿ ಮಾಲೀಕನ ಆರೈಕೆಯ ಜೊತೆಗೆ ಈ ಒಣಹವೆಯ ಪಾಲೂ ಇದೆ.

ಆದರೆ ತಗಡನ್ನು ಕಾಯುವ ಇದೇ ಬಿಸಿಲು ರಬ್ಬರನ್ನು ತಿನ್ನುತ್ತದೆ. ಟೈರಿನ ಪಕ್ಕೆ ಸೀಳುತ್ತದೆ, ಹೋಸ್ ಪೈಪು ಬಿರುಕು ಬಿಡುತ್ತದೆ, ಬುಷ್ಷು ಕಲ್ಲಿನಂತೆ ಗಟ್ಟಿಯಾಗುತ್ತದೆ, ಬ್ಯಾಟರಿ ಹೇಳದೆ ಕೇಳದೆ ಕೈ ಕೊಡುತ್ತದೆ. ಕೊಳವೆಬಾವಿಯ ಗಡಸು ನೀರು ಎಂಜಿನ್ನಿನ ಒಳಗೇ ಕುಳಿತು ತನ್ನ ಕೆಲಸ ಮಾಡುತ್ತದೆ. ಹಾಗಾಗಿ ಈ ಸೀಮೆಯ ಹಳೇ ಕಾರಿಗೆ ಬೇಕಾದ ಆರೈಕೆ ಬೇರೆ. ಅದನ್ನು ಯಾವಾಗ ಬಿಡಬೇಕು, ಬಿಟ್ಟ ಮೇಲೆ ಏನು ಓಡಿಸಬೇಕು ಎನ್ನುವ ಲೆಕ್ಕವೂ ಬೇರೆ. ಬೆಂಗಳೂರಿನ ಷೋರೂಮಿನವರು ಹೇಳುವ ಲೆಕ್ಕ, ದೆಹಲಿಯಿಂದ ಬರುವ ಸುದ್ದಿಯ ಲೆಕ್ಕ ಎರಡೂ ಇಲ್ಲಿಗೆ ಹೊಂದುವುದಿಲ್ಲ.

ನೀರಿನಿಂದಲೇ ಶುರು ಮಾಡೋಣ, ಏಕೆಂದರೆ ಇಲ್ಲಿ ಹೆಚ್ಚು ಎಂಜಿನ್‌ ಕೆಡಿಸುವುದು ಅದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ಎರಡೂ ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕ ಬಂದದ್ದು ಅದಕ್ಕೇ. ಕಾರಿಗೆ ತೊಂದರೆ ಕೊಡುವುದು ಫ್ಲೋರೈಡ್ ಅಲ್ಲ, ಅದೇ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು. ನೀರು ಕಾದಾಗ ಅವು ಬೇರ್ಪಟ್ಟು ಗಟ್ಟಿ ಪದರವಾಗಿ ಕೂರುತ್ತವೆ. ಬಚ್ಚಲ ಹಂಡೆಯ ಒಳಗೆ ಬೆಳ್ಳಗೆ ಸುಣ್ಣದಂತೆ ಕಟ್ಟುತ್ತದಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೂ ಅದೇ ಕಟ್ಟುತ್ತದೆ. ಆ ಪದರ ಶಾಖವನ್ನು ಹೊರಗೆ ಬಿಡುವುದಿಲ್ಲ. ಚಳಿಗಾಲದಲ್ಲಿ ಗೊತ್ತಾಗುವುದಿಲ್ಲ, ಏಪ್ರಿಲ್‌ನ ಮಧ್ಯಾಹ್ನ ಎ.ಸಿ. ಹಾಕಿಕೊಂಡು ಬಳ್ಳಾರಿ ಕಡೆ ಹೊರಟಾಗ ಮುಳ್ಳು ಮೇಲೇರುತ್ತದೆ.

ಆಗ ಬಹಳ ಜನ ಮಾಡುವ ಕೆಲಸ ಎರಡು. ದಾರಿಯಲ್ಲಿ ಸಿಕ್ಕ ಬೋರಿನ ನೀರನ್ನೇ ಇನ್ನಷ್ಟು ಸುರಿಯುತ್ತಾರೆ. ಅದೂ ಸಾಲದೆ ಬಂದರೆ ಥರ್ಮೋಸ್ಟಾಟ್ ಕಿತ್ತು ಹಾಕಿಸುತ್ತಾರೆ. ‘ಅದಿಲ್ದಿದ್ರೆ ನೀರು ಸಲೀಸಾಗಿ ಓಡ್ತದಣ್ಣ’ ಎಂಬ ಮಾತನ್ನು ಗ್ಯಾರೇಜಿನಲ್ಲಿ ಕೇಳದವರು ಕಡಿಮೆ. ಥರ್ಮೋಸ್ಟಾಟ್ ಇರುವುದೇ ಎಂಜಿನ್ ಬೇಗ ತನ್ನ ಹದದ ಬಿಸಿಗೆ ಬರಲಿ, ಆ ಹದದಲ್ಲೇ ಇರಲಿ ಎಂದು. ಅದನ್ನು ಕಿತ್ತರೆ ತಣ್ಣಗಿನ ಎಂಜಿನ್ ಹೆಚ್ಚು ಪೆಟ್ರೋಲು ಕುಡಿಯುತ್ತದೆ, ಒಳಭಾಗ ಬೇಗ ಸವೆಯುತ್ತದೆ. ಮೂಲ ಕಾಯಿಲೆ, ಅಂದರೆ ಕಟ್ಟಿಕೊಂಡ ರೇಡಿಯೇಟರ್, ಹಾಗೇ ಉಳಿಯುತ್ತದೆ. ಮಾಡಬೇಕಾದದ್ದು ರೇಡಿಯೇಟರ್ ತೊಳೆಸಿ ಅಥವಾ ಬದಲಿಸಿ, ಮೊದಲೇ ಬೆರೆಸಿಟ್ಟ ಕೂಲಂಟ್ ತುಂಬಿಸಿ, ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು. ಕೂಲಂಟ್ ಕುದಿಯುವ ಬಿಂದುವನ್ನು ಏರಿಸುತ್ತದೆ, ತುಕ್ಕನ್ನೂ ತಡೆಯುತ್ತದೆ. ತೀರಾ ದಾರಿಯಲ್ಲಿ ಸಿಕ್ಕಿಬಿದ್ದರೆ ಬೋರಿನ ನೀರಿಗಿಂತ ಘಟಕದ ಆರ್‌ಒ ನೀರು ಎಷ್ಟೋ ವಾಸಿ. ಬ್ಯಾಟರಿಗೆ ಮಾತ್ರ ಅದೂ ಸಲ್ಲದು. ಡಿಸ್ಟಿಲ್ಡ್ ನೀರೇ ಬೇಕು.

ರೇಡಿಯೇಟರಿನ ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಒಳಗಿನ ಒತ್ತಡ ಹಿಡಿದಿಟ್ಟು ನೀರು 100 ಡಿಗ್ರಿ ದಾಟಿದರೂ ಕುದಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದರ ರಬ್ಬರ್ ವಾಷರ್ ಒಣಗಿ ಸೀಳಿದರೆ ಒತ್ತಡ ನಿಲ್ಲುವುದಿಲ್ಲ, ಕೂಲಂಟ್ ಆವಿಯಾಗಿ ಹೋಗುತ್ತಾ ಇರುತ್ತದೆ, ಒಂದು ದಿನ ಹೆಡ್ ಗ್ಯಾಸ್ಕೆಟ್ ಹಾರುತ್ತದೆ. ಅಲ್ಯೂಮಿನಿಯಂ ಹೆಡ್ ಬಾಗಿದರೆ ಲೇತಿಗೆ ಕೊಟ್ಟು ಮಟ್ಟ ಮಾಡಿಸಬೇಕು. ಕೆಲವು ನೂರು ರೂಪಾಯಿಯ ಮುಚ್ಚಳ ಕೆಲವು ಹತ್ತು ಸಾವಿರ ರೂಪಾಯಿಯ ಖರ್ಚಿಗೆ ದಾರಿ ಮಾಡುವುದು ಹೀಗೆ. ದಯವಿಟ್ಟು ಬಿಸಿ ಇರುವಾಗ ಮಾತ್ರ ಅದನ್ನು ತೆರೆಯಬೇಡಿ. ಮುಖ ಕೈ ಸುಟ್ಟುಕೊಂಡವರು ಇದ್ದಾರೆ.

ರಬ್ಬರಿನ ವಿಷಯದಲ್ಲಿ ಕಿಲೋಮೀಟರ್ ನೋಡಿ ಮೋಸ ಹೋಗಬಾರದು. ಮದುವೆ, ಆಸ್ಪತ್ರೆ, ನಾಯಕನಹಟ್ಟಿ ಜಾತ್ರೆ, ಗೌರಸಮುದ್ರದ ಮಾರಮ್ಮನ ಹಬ್ಬ, ಇಷ್ಟಕ್ಕೇ ಹೊರಗೆ ತೆಗೆಯುವ ಕಾರಿನ ಟೈರು ನೋಡಲು ಹೊಸದರಂತೆ ಇರುತ್ತದೆ, ಗುಂಡಿ ಸವೆದಿರುವುದಿಲ್ಲ. ಆದರೆ ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2318 ಎಂದಿದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ಕಳೆದ ಟೈರನ್ನು ಪ್ರತಿವರ್ಷ ಪರೀಕ್ಷಿಸಬೇಕು, ಹತ್ತು ವರ್ಷದ್ದನ್ನು ಹೇಗಿದ್ದರೂ ತೆಗೆಯಬೇಕು ಎಂಬುದು ಟೈರು ಕಂಪನಿಗಳ ಸಾಮಾನ್ಯ ಸಲಹೆ. ಡಾಂಬರು ಕಾದಿರುವ ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಹಳೇ ಟೈರು ಒಡೆದರೆ ಪಂಕ್ಚರ್ ಅಂಗಡಿಯ ಮಾತಿಗೆ ನಿಲ್ಲುವುದಿಲ್ಲ. ಇಲ್ಲಿನ ಬಿಸಿಲಿಗೆ ಆರು ವರ್ಷವೇ ಸಾಕು ಎಂಬುದು ನನ್ನ ಲೆಕ್ಕ.

ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಿಗೂ ಇದೇ ಮಾತು. ಬೆಲ್ಟ್ ತುಂಡಾದರೆ ಬಹಳಷ್ಟು ಎಂಜಿನ್ನುಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿದು ಬಾಗುತ್ತದೆ. ಕಿಲೋಮೀಟರ್ ಆಗಿಲ್ಲ ಎಂದು ಹತ್ತು ವರ್ಷದ ಬೆಲ್ಟ್ ಉಳಿಸಿಕೊಳ್ಳುವುದು ಉಳಿತಾಯವಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ತಾಪ 10 ಡಿಗ್ರಿ ಏರಿದರೆ ಸುಮಾರು ಎರಡು ಪಟ್ಟು ವೇಗವಾಗುತ್ತದೆ. ಮಲೆನಾಡಿನಲ್ಲಿ ಐದು ವರ್ಷ ಬಂದ ಬ್ಯಾಟರಿ ಇಲ್ಲಿ ಮೂರಕ್ಕೇ ಸುಸ್ತಾದರೆ ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ಕಾರನ್ನು ನೆರಳಲ್ಲಿ ನಿಲ್ಲಿಸುವುದೇ ಮೊದಲ ಔಷಧ. ಒಂದು ಬೇವಿನ ಮರ ಅಥವಾ ನಾಲ್ಕು ತಗಡಿನ ಶೀಟು ಸಾಕು.

ಈಚೆಗೆ ಸೇರಿಕೊಂಡ ಇನ್ನೊಂದು ಚಿಂತೆ ಎಥನಾಲ್. ದೇಶದ ಬಂಕುಗಳಲ್ಲಿ ಈಗ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಶುದ್ಧ ಪೆಟ್ರೋಲಿಗೆಂದು ವಿನ್ಯಾಸಗೊಂಡು ಶೇ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜು ಶೇ 6ರಿಂದ 7ರವರೆಗೆ ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಮೈಲೇಜಿಗಿಂತ ನೋಡಬೇಕಾದದ್ದು ಪೆಟ್ರೋಲು ಪೈಪು, ಗ್ಯಾಸ್ಕೆಟ್, ಕಾರ್ಬುರೇಟರಿನ ಡಯಾಫ್ರಮ್. ಹಳೇ ರಬ್ಬರು ಎಥನಾಲಿಗೆ ಉಬ್ಬಿ ಮೆತ್ತಗಾಗುತ್ತದೆ, ಆಮೇಲೆ ಸೋರುತ್ತದೆ. ಬಾನೆಟ್ ತೆರೆದಾಗ ಪೆಟ್ರೋಲು ವಾಸನೆ ಬಂದರೆ ನಾಳೆ ನೋಡೋಣ ಎನ್ನುವ ಹಾಗಿಲ್ಲ. ಅದು ಬೆಂಕಿಯ ವಿಷಯ. ಎಥನಾಲ್ ತಡೆಯುವ ಪೈಪುಗಳನ್ನು ಒಂದೇ ಸಲಕ್ಕೆ ಹಾಕಿಸಿಬಿಡುವುದು ಒಳ್ಳೆಯದು.

ಹದಿನೈದು ವರ್ಷದ ಭಯ

‘ಹದಿನೈದು ವರ್ಷ ಆಯ್ತು, ಇನ್ನು ಗುಜರಿಗೇ’ ಎಂಬ ಮಾತು ಈಗ ಹಳ್ಳಿಹಳ್ಳಿಯಲ್ಲಿದೆ. ಇದು ಅರ್ಧ ಸತ್ಯವೂ ಅಲ್ಲ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ವಾಹನಗಳಿಗೆ ತಡೆ ಹಾಕಿದ್ದು ದೆಹಲಿ ರಾಜಧಾನಿ ಪ್ರದೇಶದಲ್ಲಿ. 2015ರಲ್ಲಿ ಹಸಿರು ನ್ಯಾಯಮಂಡಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶಗಳಿಂದ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿತು. ಖಾಸಗಿ ಕಾರಿಗೆ ಕರ್ನಾಟಕದಲ್ಲಿ ಅಂಥ ತಡೆ ಇಲ್ಲ. ಹದಿನೈದು ವರ್ಷಕ್ಕೆ ಆರ್‌ಸಿಯ ಅವಧಿ ಮುಗಿಯುತ್ತದೆ. ನಮೂನೆ 25ರಲ್ಲಿ ಅರ್ಜಿ ಹಾಕಿ, ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ, ಎಫ್‌ಸಿ ಆದರೆ ಮತ್ತೆ ಐದು ವರ್ಷಕ್ಕೆ ನವೀಕರಣವಾಗುತ್ತದೆ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು.

ದುಬಾರಿಯಾಗಿರುವುದು ನಿಜ. ಮೊದಲು 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. ತಡ ಮಾಡಿದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. 2025ರ ಆಗಸ್ಟ್‌ನಲ್ಲಿ ಕೇಂದ್ರ ಇನ್ನೊಂದು ಮೆಟ್ಟಿಲು ಏರಿಸಿ, ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ರೂಪಾಯಿ ಮಾಡಿತು. ಆದರೂ ಇದನ್ನು ಐದು ವರ್ಷಕ್ಕೆ ಹಂಚಿ ನೋಡಿ. ವರ್ಷಕ್ಕೆ ಒಂದೆರಡು ಸಾವಿರ. ಇಷ್ಟಕ್ಕೆ ಹೆದರಿ ಗಟ್ಟಿ ಕಾರನ್ನು ಗುಜರಿಯವನಿಗೆ ತೂಕಕ್ಕೆ ಕೊಡುವುದು ಸರಿಯಲ್ಲ.

ಕೊಡಲೇಬೇಕಾದ ಕಾರು ಇದ್ದರೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಠೇವಣಿ ಪ್ರಮಾಣಪತ್ರ ಪಡೆಯಬೇಕು. ಅದನ್ನು ತೋರಿಸಿ ಹೊಸ ಕಾರು ಕೊಂಡರೆ ನೋಂದಣಿ ಶುಲ್ಕ ಇಲ್ಲ. ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮ ರಾಜ್ಯಗಳಿಗೆ ಅವಕಾಶ ಮಾಡಿದೆ. ಮೂಲೆಯ ಗುಜರಿ ಅಂಗಡಿಗೆ ಕೊಟ್ಟರೆ ಇದಾವುದೂ ಇಲ್ಲ, ಆರ್‌ಸಿಯೂ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ.

ಯಾವಾಗ ಬಿಡಬೇಕು?

ಹಣದ ಲೆಕ್ಕ ಮೊದಲು. ಗ್ಯಾರೇಜಿನವನು 40,000 ರೂಪಾಯಿಯ ಕೆಲಸ ಇದೆ ಎಂದಾಗ ಎದೆ ಧಸಕ್ಕೆನ್ನುತ್ತದೆ, ಮನೆಯಲ್ಲಿ ‘ಹೊಸದೇ ತಗೊಂಡ್ ಬಿಡಾನ’ ಎಂಬ ಮಾತು ಬರುತ್ತದೆ. ಹೊಸದಕ್ಕೆ 6 ಲಕ್ಷ ಸಾಲ ಮಾಡಿದರೆ, ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 12,450 ರೂಪಾಯಿ. ವರ್ಷಕ್ಕೆ ಒಂದೂವರೆ ಲಕ್ಷ, ಅದೂ ಪೆಟ್ರೋಲು, ವಿಮೆ ಬಿಟ್ಟು. ಬಡ್ಡಿಯೇ ಒಟ್ಟು ಒಂದೂವರೆ ಲಕ್ಷದ ಹತ್ತಿರ. ಮಳೆ ನಂಬಿ ಶೇಂಗಾ ಬಿತ್ತುವ ಮನೆಗೆ, ಒಂದು ಸೀರೆ ಮಗ್ಗದಿಂದ ಇಳಿದು ಮಾರಾಟವಾಗುವ ತನಕ ಕಾಯುವ ಮೊಳಕಾಲ್ಮುರಿನ ನೇಕಾರರ ಮನೆಗೆ, ಪ್ರತಿ ತಿಂಗಳು ತಪ್ಪದ ಕಂತು ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಬರೀ ದುಡ್ಡಿನ ಲೆಕ್ಕದಲ್ಲಿ, ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಓಡುವ ಹಳೇ ಕಾರನ್ನು ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದೇ ಹೆಚ್ಚು ಸಲ ಗೆಲ್ಲುತ್ತದೆ.

ಎಂಜಿನ್ ಹೊಗೆಯನ್ನು ನೋಡಿ ಗಾಬರಿಯಾಗುವ ಮೊದಲು ಅದರ ಬಣ್ಣ ನೋಡಿ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ರಿಂಗು ಅಥವಾ ವಾಲ್ವ್ ಸೀಲ್ ಹೋಗಿದೆ. ಡೀಸೆಲ್ ಕಾರಿನ ಕಪ್ಪು ಹೊಗೆ ಗಾಳಿ ಸಾಲದ್ದಕ್ಕೆ ಅಥವಾ ಇಂಜೆಕ್ಟರ್ ಹೆಚ್ಚು ಚೆಲ್ಲುತ್ತಿರುವುದಕ್ಕೆ. ನಮ್ಮ ಧೂಳಿನಲ್ಲಿ ಏರ್ ಫಿಲ್ಟರ್ ಬದಲಿಸಿದರೇ ಎಷ್ಟೋ ಸಲ ಸರಿಹೋಗುತ್ತದೆ. ನಿಲ್ಲದ ಬಿಳಿ ಹೊಗೆ ಬಂದರೆ ಕೂಲಂಟ್ ಒಳಗೆ ಸೋರುತ್ತಿರಬಹುದು. ಎಂಜಿನ್ ಬಿಚ್ಚುವ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಯಾವ ಸಿಲಿಂಡರ್ ಸೋತಿದೆ ಎಂದು ತಿಳಿದುಕೊಳ್ಳಿ. ಎಣ್ಣೆ ಗಿರಣಿ, ಲಾರಿಗಳ ಊರಾದ ಚಳ್ಳಕೆರೆಯಲ್ಲಿ ಲೇತಿಗೆ, ವೆಲ್ಡಿಂಗಿಗೆ ಬರವಿಲ್ಲ. ಎಂಜಿನ್ ಎಷ್ಟೇ ಕೆಟ್ಟರೂ ಕಟ್ಟಬಹುದು.

ಕಟ್ಟಲಾಗದ್ದು ಬೇರೆ ಇದೆ. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಕಾರಿನ ಆಯಸ್ಸನ್ನು ಎಂಜಿನ್ನಿನಿಂದ ಅಳೆಯುವುದು ನಮ್ಮ ರೂಢಿ. ಅಳೆಯಬೇಕಾದದ್ದು ಅದು ಒಳಗಿರುವವರನ್ನು ಕಾಯುತ್ತದೆಯೇ ಎಂಬುದರಿಂದ. ಹಿರಿಯೂರಿನಿಂದ ಚಳ್ಳಕೆರೆ, ಹಾನಗಲ್, ರಾಂಪುರ ದಾಟಿ ಬಳ್ಳಾರಿಗೆ ಹೋಗುವ 150ಎ ಹೆದ್ದಾರಿಯ ಸಂಜೆ ಹೊತ್ತನ್ನು ನೆನಪಿಸಿಕೊಳ್ಳಿ. ಎದುರು ಲಾರಿಯ ಬೆಳಕು ಕಣ್ಣಿಗೆ ಹೊಡೆಯುತ್ತಿದೆ, ಅದರ ಆಚೆ ಮೇಯಿಸಿಕೊಂಡು ಹಟ್ಟಿಗೆ ಮರಳುವ ಕುರಿ ಹಿಂಡು ರಸ್ತೆ ದಾಟುತ್ತಿದೆ. ಕುರಿಯ ಸೀಮೆ ಇದು, ದೇವರ ಎತ್ತುಗಳ ಸೀಮೆ ಇದು. ಹಿಂಡು ಅಡ್ಡ ಬರುವುದು ಅಪರೂಪವಲ್ಲ. ಹಳೇ ಕಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ತುಳಿದರೆ ಗಾಲಿ ಲಾಕ್ ಆಗಿ ಜಾರುತ್ತದೆ, ಸ್ಟೀರಿಂಗ್ ತಿರುಗಿಸಿದರೂ ಕಾರು ನೆಟ್ಟಗೇ ಹೋಗುತ್ತದೆ. ಎಬಿಎಸ್ ಇರುವ ಕಾರು ಗಾಲಿಯನ್ನು ಲಾಕ್ ಆಗಲು ಬಿಡುವುದಿಲ್ಲ, ಬ್ರೇಕ್ ತುಳಿದಿರುವಾಗಲೇ ತಿರುಗಿಸಿಕೊಳ್ಳಬಹುದು.

ನಮ್ಮಲ್ಲಿ ಎಬಿಎಸ್ ಎಲ್ಲ ಹೊಸ ಕಾರಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದ. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ 2021ರ ಕೊನೆಗೆ. ಅಂದರೆ ಅದಕ್ಕೂ ಹಳೆಯ ಅಗ್ಗದ ಮಾದರಿಗಳಲ್ಲಿ ಬಹುಪಾಲಿನಲ್ಲಿ ಇವು ಇಲ್ಲ, ಯಾವ ಮೇಸ್ತ್ರಿಯೂ ಇವನ್ನು ಆಮೇಲೆ ಕೂರಿಸಿಕೊಡಲಾರ. ಹಾಗಾಗಿ ನನ್ನ ತೀರ್ಪು ಹೀಗೆ: ಹಳೇ ಕಾರು ಗಟ್ಟಿಯಾಗಿದ್ದರೆ ಊರಿನ ಸುತ್ತ, ಹಗಲು ಹೊತ್ತು, ನಿಧಾನದ ಓಡಾಟಕ್ಕೆ ಇರಲಿ, ಸೀಟ್ ಬೆಲ್ಟ್ ಹಿಂದಿನವರಿಗೂ ಇರಲಿ. ಮನೆಮಂದಿಯೆಲ್ಲ ರಾತ್ರಿ ಬೆಂಗಳೂರಿಗೆ, ತಿರುಪತಿಗೆ ಹೊರಡುವುದಾದರೆ ಏರ್‌ಬ್ಯಾಗ್ ಇರುವ ಬಾಡಿಗೆ ಕಾರು ಮಾಡಿ. ವರ್ಷಕ್ಕೆ ಮೂರು ನಾಲ್ಕು ಸಲದ ಬಾಡಿಗೆ, ಎರಡು ತಿಂಗಳ ಕಂತಿನಷ್ಟೂ ಆಗಲಿಕ್ಕಿಲ್ಲ. ವಾರವಾರವೂ ಹೆದ್ದಾರಿ ಹಿಡಿಯುವ ವ್ಯಾಪಾರಿ, ಮೇಷ್ಟ್ರು, ಡಾಕ್ಟರು ಹಳೇ ಕಾರನ್ನು ಬಿಡಬೇಕು. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಬಿಡಬೇಕು.

ಮುಂದೆ ಯಾವುದು?

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ 2022 ಮತ್ತು ಆಮೇಲಿನದನ್ನು ನೋಡಿ. ಕಾರು ಎಲ್ಲಿ ಬಾಳಿದೆ ಎಂಬುದನ್ನೂ ನೋಡಿ. ಹೊಳೆಯುವ ಬಣ್ಣದ ಕರಾವಳಿಯ ಕಾರಿಗಿಂತ ಗೀರು ಬಿದ್ದ ಬಯಲುಸೀಮೆಯ ಕಾರು ಮೇಲು. ಸ್ಟೆಪ್ನಿ ಎತ್ತಿ ಅದು ಕೂರುವ ಗುಂಡಿಯ ತಳ ನೋಡಿ, ಬಾಗಿಲ ಕೆಳಗಿನ ಅಂಚು ಸವರಿ ನೋಡಿ, ಸಣ್ಣ ಅಯಸ್ಕಾಂತ ಹಿಡಿದು ನೋಡಿ; ಪುಟ್ಟಿ ಮೆತ್ತಿದ ಜಾಗದಲ್ಲಿ ಅದು ಅಂಟುವುದಿಲ್ಲ. ಮೊಳಕಾಲ್ಮುರಿನವರಿಗೆ ರಾಯದುರ್ಗ ಪಕ್ಕದ ಊರು, ಆಂಧ್ರದ ಕಾರು ಅಗ್ಗಕ್ಕೆ ಸಿಗುತ್ತದೆ ಎಂಬ ಆಸೆ ಸಹಜ. ಆದರೆ ಬೇರೆ ರಾಜ್ಯದ ಕಾರನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿಂದ ಎನ್‌ಒಸಿ ತಂದು ಇಲ್ಲಿನ ಸಂಖ್ಯೆ ಪಡೆಯಲೇಬೇಕು, ಕರ್ನಾಟಕದ ತೆರಿಗೆ ಕಟ್ಟಲೇಬೇಕು. ದೇಶದಲ್ಲಿ ಕಾರಿಗೆ ಹೆಚ್ಚು ತೆರಿಗೆ ಹಾಕುವ ರಾಜ್ಯಗಳ ಸಾಲಿನಲ್ಲಿ ನಮ್ಮದೂ ಇದೆ. ಆ ಮೊತ್ತ ಸೇರಿಸಿದ ಮೇಲೆ ಅಗ್ಗ ಉಳಿಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಹೊಸದು ಕೊಳ್ಳುವವರಿಗೆ ಒಂದು ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ ಸಣ್ಣ ಕಾರುಗಳ ಜಿಎಸ್‌ಟಿ ಶೇ 28 ಮತ್ತು ಸೆಸ್‌ನಿಂದ ಶೇ 18ಕ್ಕೆ ಇಳಿದಿದೆ. ಡೀಸೆಲ್ ಬೇಕೇ ಎಂದರೆ, ವರ್ಷಕ್ಕೆ 20,000 ಕಿಲೋಮೀಟರ್ ಮೀರಿ ಓಡಿಸುವವರಿಗೆ ಮಾತ್ರ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಅದು ಸುಟ್ಟು ಶುದ್ಧವಾಗಲು ಆಗಾಗ ಹೆದ್ದಾರಿಯ ಓಟ ಬೇಕು. ಪೇಟೆಯೊಳಗೇ ಸುತ್ತುವವರಿಗೆ ಅದು ಕಟ್ಟಿಕೊಂಡು ಕಾಟ ಕೊಡುತ್ತದೆ.

ವಿದ್ಯುತ್ ಕಾರನ್ನು ಈ ಸೀಮೆಯವರು ಗಂಭೀರವಾಗಿ ನೋಡಬೇಕು. ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಸ್ಥಾವರ ಬಂದದ್ದು ಇದೇ ಬಿಸಿಲನ್ನು ನಂಬಿ. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಯ ಮೇಲೆ 3 ಕಿಲೋವಾಟ್ ಫಲಕ ಹಾಕಿಸಿದರೆ 78,000 ರೂಪಾಯಿ ಸಹಾಯಧನ ಇದೆ. ಅಷ್ಟು ಫಲಕ ದಿನಕ್ಕೆ ಸುಮಾರು 12 ಯೂನಿಟ್ ಕೊಡುತ್ತದೆ. ಸಣ್ಣ ವಿದ್ಯುತ್ ಕಾರು ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಓಡುತ್ತದೆ. ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ದಿನಾ ಹೋಗಿ ಬರುವವರಿಗೆ ಸೂರ್ಯನೇ ಬಂಕು. ಲೀಟರಿಗೆ 100 ರೂಪಾಯಿ, 15 ಕಿಲೋಮೀಟರ್ ಮೈಲೇಜು ಎಂದರೂ ಪೆಟ್ರೋಲಿನ ಖರ್ಚು ಕಿಲೋಮೀಟರಿಗೆ ಆರೂವರೆ ರೂಪಾಯಿ ದಾಟುತ್ತದೆ. ರೇಡಿಯೇಟರ್ ಕಟ್ಟುವ ಗೋಳಿಲ್ಲ, ಎಂಜಿನ್ ಆಯಿಲ್ ಇಲ್ಲ, ಟೈಮಿಂಗ್ ಬೆಲ್ಟ್ ಇಲ್ಲ.

ಆದರೆ ಬ್ಯಾಟರಿಗೆ ಬಿಸಿಲು ಶತ್ರುವೇ. ಪೂರ್ತಿ ಚಾರ್ಜ್ ಮಾಡಿ ಬಯಲಲ್ಲಿ ಬಿಡಬಾರದು; ನೆರಳು ಇಲ್ಲಿಯೂ ಬೇಕು. ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೊರಟರೆ ಹಿರಿಯೂರು, ಶಿರಾ, ತುಮಕೂರಿನ ನಡುವೆ ಎಲ್ಲಾದರೂ ಚಾರ್ಜಿಗೆ ನಿಲ್ಲುವ ಲೆಕ್ಕ ಹಾಕಿಕೊಂಡೇ ಹೊರಡಬೇಕು. ಮನೆಗೆ ಒಂದೇ ಕಾರು, ಅದೂ ಅಪರೂಪಕ್ಕೆ ದೂರದೂರಿಗೆ ಎನ್ನುವವರಿಗೆ ಸಣ್ಣ ಪೆಟ್ರೋಲ್ ಕಾರೇ ಈಗಲೂ ಸಲೀಸು. ದಿನಾ ಓಡಾಡುವವರಿಗೆ, ಸ್ವಂತ ಸೂರು ಮತ್ತು ನೆರಳು ಇರುವವರಿಗೆ ವಿದ್ಯುತ್ ಕಾರು ಲಾಭ.

ಹಳೇ ಕಾರನ್ನು ಮಾರುವವರು ಇದೊಂದನ್ನು ಮಾತ್ರ ಮರೆಯಬೇಡಿ. ನಮ್ಮ ಕಡೆ ದುಡ್ಡು ಎಣಿಸಿಕೊಂಡು, ಸಹಿ ಹಾಕಿದ ಖಾಲಿ ಕಾಗದ ಕೊಟ್ಟು, ಬೀಗದ ಕೈ ಒಪ್ಪಿಸಿ ಕೈ ತೊಳೆದುಕೊಳ್ಳುವುದು ರೂಢಿ. ಆ ಕಾರು ಆಮೇಲೆ ಎರಡು ಮೂರು ಕೈ ಬದಲಾಗಿ, ವಿಮೆ ಇಲ್ಲದೆ ಎಲ್ಲೋ ಅಪಘಾತ ಮಾಡಿದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರು ಇರುವವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಮಾರಿದ 14 ದಿನದೊಳಗೆ ನಮೂನೆ 29ರಲ್ಲಿ ಆರ್‌ಟಿಒ ಕಚೇರಿಗೆ ತಿಳಿಸಿ, ಕೊಂಡವರಿಂದ ನಮೂನೆ 30 ಹಾಕಿಸಿ. ಒಂದು ತಿಂಗಳು ಬಿಟ್ಟು ಎಂಪರಿವಾಹನ್ ಆ್ಯಪ್‌ನಲ್ಲಿ ಆ ಗಾಡಿಯ ಸಂಖ್ಯೆ ಹಾಕಿ, ವರ್ಗಾವಣೆ ಆಗಿದೆಯೇ ಎಂದು ನೀವೇ ಕಣ್ಣಾರೆ ನೋಡಿಕೊಳ್ಳಿ.